ಯಾರೂ ಅಳದ ಚಾನೆಲ್ಲುಗಳು

ಜಗಳ-ರಗಳೆ ಇಲ್ಲದ, ಮನೆಮಂದಿಯೆಲ್ಲ ಕೂತು ನೋಡುವಂಥ ವಿಡಿಯೊ ಇದ್ದರೆ ಹೇಳ್ರಿ ಎಂದು ಕೇಳುವವರಿಗೆ ನಾನು ಹೇಳುತ್ತೇನೆ. ಒಬ್ಬ ಬಡಿಗನಿದ್ದಾನೆ, ಯಾವ ದೇಶದವನೋ ಏನೋ, ಬಾಯಿ ಬಿಚ್ಚುವುದಿಲ್ಲ. ಹಲಗೆ ನುಣುಪು ಮಾಡುತ್ತಾನೆ, ಹೆರೆದ ಕಟ್ಟಿಗೆ ಸುರುಳಿಯಾಗಿ ಬೀಳುತ್ತದೆ, ಅಷ್ಟೇ. ಕೈಗಡಿಯಾರ ಬಿಚ್ಚಿ ಜೋಡಿಸುವ ಮುದುಕನೊಬ್ಬನಿದ್ದಾನೆ, ಅವನ ಕೈಗಳಷ್ಟೇ ಕಾಣುತ್ತವೆ. ಇನ್ನೊಬ್ಬ ಪುಣ್ಯಾತ್ಮ ರೈಲಿನ ಮುಂದೆ ಕ್ಯಾಮೆರಾ ಇಟ್ಟಿದ್ದಾನೆ, ಹಳಿ ಬರುತ್ತಲೇ ಇರುತ್ತದೆ. ಯಾರೂ ಯಾರ ಹಾಲಿಗೂ ವಿಷ ಬೆರೆಸುವುದಿಲ್ಲ. ಆದರೆ ಯಾರಿಗೆ ತೋರಿಸುತ್ತೀರಿ ಎಂದು ಮೊದಲು ಕೇಳುತ್ತೇನೆ. ನಮ್ಮ ಅತ್ತೆಗೆ ತೋರಿಸಿ ನಾನು ಪಟ್ಟ ಪಾಡು ನನಗೆ ಗೊತ್ತು.

ಟೆಲಿಫೋನ್ ವೈರಿನಲ್ಲಿ ಇಂಟರ್ನೆಟ್ಟು ಮುದ್ದೇಬಿಹಾಳಕ್ಕೆ ಹೊಸದಾಗಿ ಬಂದಿದ್ದ ಕಾಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಗಂಡ ಪಡಸಾಲೆಯಲ್ಲಿ ಕಂಪ್ಯೂಟರ್ ತಂದಿಟ್ಟಿದ್ದರು. ನನಗೆ ಸಿಟ್ಟು ಜಾಸ್ತಿ, ಟಿವಿಯ ಗದ್ದಲ ಕೇಳಿದರೆ ನೆತ್ತಿಗೇರುತ್ತದೆ. "ಇಲ್ಲಿ ಬಾ, ಇದನ್ನ ನೋಡು, ಇದರಾಗ ಯಾರೂ ಒದರೂದಿಲ್ಲ" ಎಂದು ಆ ಬಡಿಗನನ್ನು ತೋರಿಸಿಕೊಟ್ಟವರೇ ಅವರು. ಒಂದು ದಿನ ಕ್ಲಾಸಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಬಿಜಾಪುರಕ್ಕೆ ಒಯ್ಯುವಾಗ ಗಾಡಿ ಬಸವನಬಾಗೇವಾಡಿ ದಾಟುವುದರೊಳಗೆ ಮುಗಿದುಹೋಯಿತು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ನಾನು, ಅತ್ತೆ.

ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಬರುವ ಹೆಂಗಸರು ಸುಮ್ಮನೆ ಬರುವುದಿಲ್ಲ. ಓಣಿಯ ತಿರುವಿನಲ್ಲೇ ಸೆರಗು ಮುಖಕ್ಕೆ ಹಾಕಿಕೊಂಡು, ಸತ್ತವರನ್ನು ಕರೆಯುತ್ತ, ಹಾಡಿಕೊಂಡು ಅಳುತ್ತ ಬರುತ್ತಾರೆ. ಮನೆಯ ಹೆಂಗಸು ಎದ್ದು ಹೋಗಿ ಅವರ ಕೊರಳಿಗೆ ಬೀಳಬೇಕು, ಇಬ್ಬರೂ ಕೂಡಿ ಅಳಬೇಕು. ಇಂಡಿ, ಸಾಲೋಟಗಿ, ತಂಗಡಗಿ, ಎಲ್ಲೆಲ್ಲಿಂದಲೋ ಬಂದರು. ಅತ್ತೆ ಎಲ್ಲರ ಕೊರಳಿಗೂ ಬಿದ್ದರು. ನಾನು ಕಂಬದ ಹಾಗೆ ನಿಂತೆ. ಅಳು ಬರಲಿಲ್ಲ, ದುಃಖವೂ ಬರಲಿಲ್ಲ, ಏನೂ ಬರಲಿಲ್ಲ. ಬಂದವರ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದೆ. ಸಾಲೋಟಗಿಯ ಸೋದರತ್ತೆಯೊಬ್ಬಳು ನನ್ನನ್ನು ಹಿಡಿದು ಅಲುಗಿಸಿ, ಕೈಬಿಟ್ಟು, "ಈಕಿ ಕಲ್ಲಾಗ್ಯಾಳ ಬಿಡ್ರೆವ್ವಾ" ಅಂದಳು. ಅತ್ತೆ ಅದನ್ನು ಕೇಳಿಸಿಕೊಂಡರು.

ಬಂದವರೆಲ್ಲ ಹೋದರು. ನಾನು ರೊಟ್ಟಿ ಬಡಿದೆ, ಬಟ್ಟೆ ಒಗೆದೆ, ಕಂಪ್ಯೂಟರ್ ಮುಂದೆ ಕೂತೆ. ಆಗಿನ ಇಂಟರ್ನೆಟ್ಟಿನಲ್ಲಿ ವಿಡಿಯೊ ನಡುನಡುವೆ ನಿಂತು ಒಂದು ಚಕ್ರ ಸುತ್ತುತ್ತಿತ್ತು. ಜನ ಬೈಯುತ್ತಿದ್ದರು. ನಾನು ಆ ಚಕ್ರವನ್ನೂ ನೋಡುತ್ತ ಕೂತಿರುತ್ತಿದ್ದೆ. ನನಗೆ ಎರಡೂ ಒಂದೇ ಆಗಿತ್ತು.

ಅತ್ತೆ ದೀಪ ಹಚ್ಚಿದ ಮೇಲೆ ಟಿವಿ ಹಚ್ಚುತ್ತಿದ್ದರು. ಒಂದು ಹಿಂದಿ ಧಾರಾವಾಹಿ. ಮೈತುಂಬ ಬಂಗಾರ ಹೇರಿಕೊಂಡ ಹೆಂಗಸರು ಮೆಟ್ಟಿಲ ಮೇಲೆ ನಿಂತು ಗೊಳೋ ಎಂದು ಅಳುವುದು, ಅವರ ಜೊತೆಗೆ ಅತ್ತೆಯೂ ಅಳುವುದು. ಅದೂ ಸಣ್ಣಗೆ ಅಲ್ಲ, ಪಕ್ಕದ ಮನೆಗೆ ಕೇಳುವಷ್ಟು. ನನಗೆ ಮೈ ಉರಿಯುತ್ತಿತ್ತು. ಅಯ್ಯೋ ದೇವರೇ, ಹೆತ್ತ ಮಗ ಹೋಗಿ ಇನ್ನೂ ವರ್ಷ ತುಂಬಿಲ್ಲ, ಈಯಮ್ಮ ಯಾವಳೋ ಬಣ್ಣ ಹಚ್ಚಿಕೊಂಡವಳಿಗೆ ಅಳುತ್ತಾಳಲ್ಲ!

ಒಂದು ಸಂಜೆ ತಡೆಯಲಾರದೆ ಟಿವಿ ಬಂದ್ ಮಾಡಿದೆ. "ಅತ್ತೀ, ಸಾಕ್ರಿ ಈ ಅಳೂ ನಾಟಕ. ಬರ್ರಿ, ನಿಮಗ ಚಲೋದು ತೋರಸ್ತೇನಿ." ಮರುದಿನ ಕೇಬಲ್ಲಿನವನಿಗೆ ಹೇಳಿ ಲೈನ್ ತೆಗೆಸಿಯೇ ಬಿಟ್ಟೆ. ಅತ್ತೆ ಕುರ್ಚಿಯಲ್ಲಿ ಕೂತು ಬಡಿಗನನ್ನು ನೋಡಿದರು, ರೈಲು ನೋಡಿದರು. "ಚಲೋ ಐತ್ರಿ, ಹೌದಿಲ್ರಿ?" ಎಂದರೆ "ಹೂಂ, ಚಲೋ ಐತಿ" ಎನ್ನುತ್ತಿದ್ದರು. ಮನೆ ತಣ್ಣಗಾಯಿತು. ಅವರು ಊಟಕ್ಕೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದುದು ಕಂಡರೂ ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಹೀಗೇ ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ನೋಡಿದರೆ ಅತ್ತೆ ಇಳಕಲ್ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಾರೆ. "ಸಿಂದಗಿಗೆ ಮಗಳ ಮನಿಗೆ ಹೊಕ್ಕೇನಿ. ಬಸ್‌ಸ್ಟ್ಯಾಂಡಿಗೆ ಆಟೋದವಗ ಹೇಳೇನಿ. ಅಲ್ಲೇ ಇರತೇನಿ ಇನ್ನ."

ಅವರು ಹೋದರೆ ಆ ಮನೆಯಲ್ಲಿ ನನ್ನನ್ನು ಮಾತಾಡಿಸುವ ಒಂದು ನರಪಿಳ್ಳೆಯೂ ಇರಲಿಲ್ಲ. ಅದು ತಿಳಿದೇ ನನಗೆ ಹೆದರಿಕೆಯಾಯಿತು. ಹೆದರಿದಾಗ ನನ್ನ ಬಾಯಿಂದ ಬರುವುದು ಸಿಟ್ಟೇ. "ಅಲ್ಲಿ ಕೇಬಲ್ ಐತಂತ ಹೊಂಟೀರೇನ್ರಿ?" ಅಂದೆ.

ಅತ್ತೆ ಕೈಯೊಳಗಿನ ಸೀರೆ ಕೆಳಗಿಟ್ಟರು. "ಕೇಬಲ್ ತೊಗೊಂಡು ಏನ್ ಮಾಡ್ಲಿ? ಅಲ್ಲಿ ಮಗಳದಾಳ, ಕೊರಳಿಗೆ ಬಿದ್ರ ನನ್ನ ಜೋಡಿ ಅಳತಾಳ. ನಿನ್ನ ಮುಂದ ಅಳಾಕ ಬಂದ್ರ ನೀ ಗೋಡಿ ಆಗತಿ. ಒಬ್ಬಾಕಿನ ಕುಂತು ಅತ್ರ ಮನಿಗೆ ಚಲೋ ಅಲ್ಲ. ಅದಕ್ಕ ಆ ಟಿವಿಯಾಗಿನ ಹೆಂಗಸರನ್ನ ಜೋಡಿ ಮಾಡ್ಕೊಂಡಿದ್ದೆ."

"ಆ ಕಥಿ ನೋಡಿ ಅಳತಿದ್ರಲ್ರಿ ನೀವು?"

"ಯಾವ ಕಥಿ? ನನಗ ಹಿಂದಿ ಎಲ್ಲಿ ಬರತೈತಿ? ಕನ್ನಡದ್ದು ಹಚ್ಚಿದ್ರ ಅವರ ದುಃಖ ಏನಂತ ತಿಳೀತೈತಿ. ಇದರಾಗ ಬರೇ ಅಳು. ಅದರಾಗ ನಂದು ಸೇರಸ್ತಿದ್ದೆ."

ಹಿಂದಿ! ಅತ್ತೆಗೆ ಹಿಂದಿಯ ಒಂದಕ್ಷರ ಬಾರದು ಎಂದು ಆ ಮನೆಗೆ ಸೊಸೆಯಾಗಿ ಹೋದ ದಿನದಿಂದ ನನಗೆ ಗೊತ್ತಿತ್ತು.

ಹೊರಗೆ ಆಟೋ ಬಂದು ನಿಂತಿತು. ಅತ್ತೆ ಚೀಲ ಹಿಡಿದು ಹೊಸ್ತಿಲಿಗೆ ಬಂದರು. ನಾನು ಅವರನ್ನು ದಾಟಿಕೊಂಡು ಹೊರಬಿದ್ದೆ. ಓಣಿಯ ತಿರುವಿನ ತನಕ ಹೋಗಿ, ತಿರುಗಿ ನಿಂತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ನನ್ನದೇ ಮನೆಗೆ ಮಾತಾಡಿಸಲು ಬರುವವಳ ಹಾಗೆ ನಡೆದು ಬಂದೆ. ನೀರು ತರುವ ಹೆಂಗಸರು ಕೊಡ ಹಿಡಿದು ನಿಂತುಬಿಟ್ಟರು. ಏನೆಂದು ಕರೆಯಬೇಕು? ಗಂಡನ ಹೆಸರು ಹಿಡಿದು ಕರೆದವಳಲ್ಲ ನಾನು. "ನಿಮ್ಮ ಮಗಾ ಎಲ್ಲಿ ಹೋದರ್ರೀ ಅತ್ತೀ" ಅಂದೆ. ದನಿ ಒಣಗಿತ್ತು, ರಾಗವೂ ಕೂಡಲಿಲ್ಲ, ಕಣ್ಣಲ್ಲಿ ಹನಿ ಇಲ್ಲ. ಮತ್ತೊಮ್ಮೆ ಕೂಗಿದೆ.

ಅತ್ತೆಯ ಕೈಯಿಂದ ಚೀಲ ಬಿತ್ತು. ಅವರು ಓಡಿ ಬಂದು ನನ್ನ ಕೊರಳಿಗೆ ಬಿದ್ದು, ಮಗನನ್ನು ಕರೆದು ಕರೆದು ಅತ್ತರು. ಅವನು ಸಣ್ಣವನಿದ್ದಾಗ ಹಸಿ ಕಡಲೆಗೆ ಹೊಲವೆಲ್ಲ ತಿರುಗಿದ್ದು, ಕೆಮ್ಮಾದಾಗ ಅವರ ಸೆರಗು ಹೊದ್ದು ಮಲಗಿದ್ದು, ನನಗೆ ಗೊತ್ತಿಲ್ಲದ್ದನ್ನೆಲ್ಲ ಹೇಳಿ ಅತ್ತರು. ಆಟೋದವನು ಎಂಜಿನ್ ಬಂದ್ ಮಾಡಿದ. ನನಗೆ ಅಳು ಬರಲಿಲ್ಲ. ಬಿಡಿಸಿಕೊಳ್ಳದೆ ನಿಂತೆ. ನನ್ನ ಕುಪ್ಪಸದ ಹೆಗಲು ತೊಯ್ದದ್ದು ಮಾತ್ರ ತಿಳಿಯುತ್ತಿತ್ತು.

ಸಾಕಾದ ಮೇಲೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದರು. "ನಿನಗ ಅಳಾಕ ಬರೂದೇ ಇಲ್ಲ ನೋಡು" ಅಂದರು. ಆಟೋದವನಿಗೆ ಹೋಗೆಂದು ಕೈ ಮಾಡಿದರು. ಚೀಲ ಎತ್ತಿಕೊಂಡು ಒಳಗೆ ಹೋಗುತ್ತ, ಮನೆಗೆ ಬಂದುಹೋಗುವವರಿಗೆ ಹೇಳುವ ಹಾಗೆ ಹೇಳಿದರು:

"ನಾಳಿಗಿ ಮತ್ತ ಬಾ."