ಅಳಿಸಿಹಾಕಿದ ಷರಾ

ನಾನು ಕೂತಲ್ಲಿ ಕೂರಲಾಗದ ಮನುಷ್ಯ. ಅಂಥವನಿಗೆ ಕಲ್ಯಾಣದುರ್ಗದ ಗ್ರಂಥಾಲಯದ ಕ್ಯಾಟಲಾಗ್ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಗಂಟುಬಿತ್ತು. ಏರಿಸಲು ಅನುಮತಿ ಇದ್ದದ್ದು ಹಿಂದೂಪುರದ ಇಲಾಖೆ ಕಚೇರಿಯಲ್ಲಿ ಮಾತ್ರ. ಕಾರ್ಡುಗಳನ್ನು ಅಕ್ಕಿ ಚೀಲಕ್ಕೆ ತುಂಬಿಕೊಂಡು ಹೋಗಿ, ವಾರಗಟ್ಟಲೆ ಟೈಪು ಮಾಡಿದೆ. ಪುಸ್ತಕದ ಹೆಸರು, ಬರೆದವರು, ವರ್ಷ, ಕೊನೆಗೆ ಷರಾ.

ಷರಾ ಅಂದರೆ ನನಗಿಂತ ಮುಂಚೆ ಇದ್ದ ಲೈಬ್ರೇರಿಯನ್ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿದ್ದು. ‘ರಟ್ಟು ಕಿತ್ತಿದೆ’, ‘ಎರಡು ಹಾಳೆ ಇಲ್ಲ’, ‘ದಪ್ಪಕ್ಷರ’. ಎಲ್ಲ ಸೇರಿಸಿ ಏರಿಸಲು ಹೋದರೆ ಷರಾ ಇದ್ದ ಕಡೆಯೆಲ್ಲ ಎರರ್! ಮೂರು ಸಲ ಕೊಟ್ಟೆ, ಮೂರು ಸಲವೂ ಕೆಂಪು. ಬಸ್ಸು ತಪ್ಪುತ್ತದಲ್ಲ ಎಂದು ಜೀವ ಚಡಪಡಿಸುತ್ತಿತ್ತು. ಥತ್, ಯಾರಿಗೆ ಬೇಕು ಈ ಗೀಚು ಎಂದು ಆ ಕಾಲಂ ಪೂರ್ತಿ ಅಳಿಸಿಬಿಟ್ಟೆ. ಸರಾಗವಾಗಿ ಏರಿತು. ಚೀಲವನ್ನು ಅಲ್ಲೇ ಬೀರುವಿನ ಹಿಂದಕ್ಕೆ ತಳ್ಳಿ, ಓಡಿ ಬಸ್ಸು ಹಿಡಿದೆ.

ಮುಂದಿನ ವಾರ ಬ್ರಹ್ಮಸಮುದ್ರದಿಂದ ಒಬ್ಬ ಅಜ್ಜಿ ಬಂದರು. ಅಂಗನವಾಡಿ ಟೀಚರಾಗಿದ್ದವರು.

“ದಪ್ಪಕ್ಷರದ್ದು ಕೊಡಪ್ಪ. ಮೊದ್ಲಿದ್ದ ಸಾರ್ ಕಾರ್ಡ್ ನೋಡಿ ತೆಗ್ದು ಕೊಡೋರು. ಡಾಕ್ಟ್ರು ಈ ಕಣ್ಣಿಗೆ ಆಪರೇಷನ್ನೂ ಆಗಲ್ಲ ಅಂದ್ಬುಟ್ರು. ಕಣ್ಣು ಇರೋಗಂಟ ಓದ್ಕೋತೀನಿ.”

ಕಂಪ್ಯೂಟರಿನಲ್ಲಿ ಹುಡುಕಿದೆ. ಎಲ್ಲಿಂದ ಬರಬೇಕು? ಕಪಾಟಿನಿಂದ ಹತ್ತು ಹದಿನೈದು ಪುಸ್ತಕ ಎಳೆದು, ತಾಳ್ಮೆ ಕೆಟ್ಟು ಒಂದನ್ನು ಕೈಗಿಟ್ಟೆ. ಅಜ್ಜಿ ತೆರೆದು ನೋಡಿ ಮುಚ್ಚಿದರು.

“ಇರುವೆ ಸಾಲು ಕಣಪ್ಪ ಇದು.”

“ಮುಂದಿನ ಸಲ ಬನ್ನಿ ಅಮ್ಮ, ಹುಡುಕಿ ಇಟ್ಟಿರ್ತೀನಿ” ಅಂದೆ. ಅವರು ಬರಿಗೈಯಲ್ಲಿ ಹೊರಟರು.

ಹಿಂದೂಪುರಕ್ಕೆ ಫೋನು ಮಾಡಿದೆ. “ಚೀಲಾನಾ? ಇಕ್ಕಡೇ ಉಂದಿ ಸಾರ್, ಬಂದು ತಗೊಂಡೋಗಿ” ಎಂದ ಅಲ್ಲಿನ ಗುಮಾಸ್ತ. ಒಂದು ವಾರ ಎಲೆಕ್ಷನ್ ಡ್ಯೂಟಿ, ಇನ್ನೊಂದು ವಾರ ನೆಂಟರ ಮದುವೆ. ಸುಳ್ಳೇಕೆ, ಮತ್ತೆ ಆ ಬಸ್ಸು, ಆ ಟೈಪು ಎಂದರೆ ಮೈ ಉರಿಯುತ್ತಿತ್ತು. ಹಾಗಂತ ನೆಮ್ಮದಿಯೂ ಇರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಅಜ್ಜಿಯೇ ಬಂದರೇನೋ ಎಂದು ತಲೆ ಎತ್ತಿ ನೋಡುತ್ತಿದ್ದೆ. ಎರಡು ತಿಂಗಳು ಕಳೆದ ಮೇಲೆ ಹೋದೆ.

ಗುಮಾಸ್ತ ನಾನು ಏರಿಸಿದ್ದ ಪಟ್ಟಿ ನೋಡಿ ನಕ್ಕುಬಿಟ್ಟ. “ವರ್ಷದ ಪಕ್ಕದಲ್ಲೇ ಹಾಕಿದ್ರೆ ಎರರ್ ಬರ್ತೈತೆ. ಷರಾಕ್ಕೆ ಬೇರೆ ಕಾಲಂ ಐತಲ್ಲ ಸಾರ್, ಕಟ್ಟಕಡೇಲಿ. ಸೂಚನೆ ಓದ್ಲಿಲ್ವಾ?”

ಓದಿರಲಿಲ್ಲ. ಎರಡು ನಿಮಿಷದ ಓದು ಅದು. ನನ್ನ ಮುಖಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಅಲ್ಲೇ ಕೂತು ಒಂದು ಷರಾವನ್ನೂ ಬಿಡದೆ ಟೈಪು ಮಾಡಿ ಮುಗಿಸಿದೆ.

ಆ ತಿಂಗಳೇ ಅಜ್ಜಿ ಬಂದರು, ಪಕ್ಕದ ಮನೆಯಾಕೆಯ ತೋಳು ಹಿಡಿದುಕೊಂಡು. ನಾನು ಸಂಭ್ರಮದಿಂದ ಕಂಪ್ಯೂಟರನ್ನು ಅವರತ್ತ ತಿರುಗಿಸಿದೆ. “ನೋಡಿ ಅಮ್ಮ, ದಪ್ಪಕ್ಷರದ್ದು ಇಪ್ಪತ್ತಾರು ಪುಸ್ತಕ!”

ಅಜ್ಜಿ ಬಾಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು.

“ನೀನು ಹೇಳಿದ್ಮೇಲೆ ಐತೆ ಬಿಡಪ್ಪ. ನಂಗೀಗ ಬೆಳಕೊಂದೇ ಕಾಣೋದು.”

ಪಟ್ಟಿಯ ಮೊದಲ ಪುಸ್ತಕ ತಂದು, ಅವರನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು ಓದತೊಡಗಿದೆ. ಬೇಗ ಬೇಗ ಓದಿ ಮೂರು ಪುಟ ಮಗುಚಿದೆ. ಅಜ್ಜಿ ನನ್ನ ಮಂಡಿಯ ಮೇಲೆ ಕೈಯಿಟ್ಟರು.

“ನಿಧಾನಕ್ಕೆ ಓದಪ್ಪ. ನೀನ್ಯಾವ ಬಸ್ಸು ಹಿಡೀಬೇಕು?”