ಕಿತ್ತು ನೋಡದ ಕೇಬಲ್

ನಮ್ಮ ಸೀನಿಯರ್‌ಗೆ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ನೆಟ್‌ವರ್ಕ್ ಕೇಬಲ್ಲಿನ ತುದಿಯ ಸಣ್ಣ ಕ್ಲಿಪ್ಪನ್ನು ಒತ್ತಿ ಕೀಳಲೆಂದೇ ಅದನ್ನು ಬೆಳೆಸಿದ್ದರು.

ರಾಜಾಜಿನಗರದ ಒಂದು ಆಸ್ಪತ್ರೆಯ ಸರ್ವರ್ ಕೋಣೆ ನಮ್ಮಿಬ್ಬರ ಜವಾಬ್ದಾರಿಯಾಗಿತ್ತು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಅಲ್ಲಿನ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತವೆ. ಸರ್ವರ್ ಆ ಪೆಟ್ಟಿಗೆಯೊಂದಿಗೆ ಎರಡು ಸೆಷನ್, ಅಂದರೆ ಎರಡು ಸಂಪರ್ಕ, ಇಟ್ಟುಕೊಂಡಿರಬೇಕು, ಒಂದೊಂದೂ ಬೇರೆ ಪೋರ್ಟು, ಬೇರೆ ಕೇಬಲ್. ಒಂದು ಕಡಿದರೂ ಇನ್ನೊಂದರಿಂದ ವೈದ್ಯರಿಗೆ ಚಿತ್ರ ಕಾಣಬೇಕು.

ಪೆಟ್ಟಿಗೆ ಇನ್ನೂ ಖಾಲಿಯಿದ್ದಾಗ ನಾನು ಮೊದಲ ಸಲ ಎರಡು ಸೆಷನ್ ಮಾಡಿ, "ಆಯ್ತು ಸಾರ್, ಎರಡೂ ಕನೆಕ್ಟೆಡ್ ಅಂತ ತೋರಿಸ್ತಿದೆ" ಎಂದೆ.

"ತೋರ್ಸುತ್ತೆ ಕಣಯ್ಯಾ, ತೋರ್ಸೋಕೇನ್ ಕಷ್ಟ?" ಎನ್ನುತ್ತ ಒಂದು ಫೈಲನ್ನು ಕಾಪಿಗೆ ಹಾಕಿ, ಉಗುರೊತ್ತಿ ಒಂದು ಕೇಬಲ್ ಕಿತ್ತರು. ಕಾಪಿ ನಿಂತಿತು. ಎರಡೂ ಸೆಷನ್ ಒಂದೇ ಪೋರ್ಟಿನಿಂದ ಹೋಗಿದ್ದವು.

ಅವರು ಬೈಯಲಿಲ್ಲ. ಡಬ್ಬಿಯಿಂದ ಅವರೆಕಾಳು ಉಪ್ಪಿಟ್ಟು ಅರ್ಧ ಕೊಟ್ಟು, "ಹೆದರ್ಕೊಂಡೇ ಕೀಳು. ಆದ್ರೆ ಕೀಳ್ದೆ ಮನೆಗೆ ಹೋಗ್ಬೇಡ" ಎಂದರು.

ಹೋದ ವರ್ಷ ಅವರು ರಜೆಯಲ್ಲಿದ್ದಾಗ ಸರ್ವರಿನ ನೆಟ್‌ವರ್ಕ್ ಕಾರ್ಡ್ ಕೆಟ್ಟಿತು. ಅವರಿಗೆ ಫೋನಿನಲ್ಲಿ ತಿಳಿಸಿ, ಹೊಸದು ಹಾಕಿ, ಸೆಷನ್‌ಗಳನ್ನು ಮತ್ತೆ ಮಾಡಿದೆ. ಎರಡೂ ಕನೆಕ್ಟೆಡ್. ಹೊರಗೆ ರೋಗಿಗಳ ಸಾಲು ಮೆಟ್ಟಿಲವರೆಗೆ ಬಂದಿತ್ತು. ಕೇಬಲ್ಲಿನ ಮೇಲೆ ಬೆರಳಿಟ್ಟೆ. ಕೀಳಲಿಲ್ಲ.

ಐದನೆಯ ದಿನ ಅವರನ್ನೇ ಸ್ಟ್ರೆಚರಿನಲ್ಲಿ ತಂದರು. ಮಿದುಳಿನಲ್ಲಿ ರಕ್ತಸ್ರಾವ. ನಾನು ಓಡಿಹೋದೆ. ನನ್ನನ್ನು ಗುರುತಿಸಿ, ತೊದಲುತ್ತ ಕೇಳಿದರು: "ಕಿತ್ ನೋಡ್ದ್ಯಾ?"

"ನೋಡ್ದೆ ಸಾರ್" ಎಂದೆ.

ಅವರ ಸ್ಕ್ಯಾನ್ ಅದೇ ಪೆಟ್ಟಿಗೆಗೆ ಬಂತು. ಇನ್ನು ಕೇಬಲ್ ಮುಟ್ಟುವ ಧೈರ್ಯ ನನಗಿರಲಿಲ್ಲ. ಅವರು ಐಸಿಯುವಿನಲ್ಲಿದ್ದ ಮೂರು ದಿನವೂ ಪೋರ್ಟುಗಳ ಹಸಿರು ದೀಪಗಳನ್ನೇ ನೋಡುತ್ತ ಕುಳಿತೆ. ನೆಲ ಒರೆಸಲು ಬಂದ ಆಂಟಿಯನ್ನೂ ಒಳಗೆ ಬಿಡಲಿಲ್ಲ.

"ಏನ್ ಸಾರ್, ಒಳಗೆ ನಿಧಿ ಇಟ್ಟಿದೀರಾ?" ಎಂದು ಆಕೆ ನಕ್ಕರು.

ಸ್ಕ್ಯಾನ್ ಚಿತ್ರಗಳು ವೈದ್ಯರಿಗೆ ಒಮ್ಮೆಯೂ ತಪ್ಪಲಿಲ್ಲ. ಸೀನಿಯರ್ ಉಳಿಯಲಿಲ್ಲ.

ತಿಥಿ ಮುಗಿದ ಮೇಲಿನ ಭಾನುವಾರ ಆಸ್ಪತ್ರೆಯವರ ಅನುಮತಿ ಪಡೆದು, ಒಂದು ಫೈಲನ್ನು ಕಾಪಿಗೆ ಹಾಕಿದೆ. ಕ್ಲಿಪ್ಪಿಗೆ ನನ್ನ ಉಗುರು ಎಟುಕದೆ ಪೆನ್ನಿನ ತುದಿಯಿಂದ ಒತ್ತಿ ಕಿತ್ತೆ.

ಕಾಪಿ ನಿಂತಿತು. ಅದೇ ತಪ್ಪು. ಎರಡೂ ಸೆಷನ್ ಒಂದೇ ಪೋರ್ಟಿನಲ್ಲಿದ್ದವು. ಆ ಮೂರು ದಿನ ಅವರ ಚಿತ್ರಗಳು ಒಂದೇ ಕೇಬಲ್ಲಿನಲ್ಲಿ ಹೋಗಿ ಬಂದಿದ್ದವು.

ಸರಿಪಡಿಸಿ, ಮತ್ತೆ ಕಿತ್ತೆ. ಕಾಪಿ ಸ್ವಲ್ಪ ತಡೆದು, ಮುಂದುವರಿಯಿತು.

"ನೋಡ್ದೆ ಸಾರ್" ಎಂದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.