ನೆವಿಲ್ ಉಂಡ ಮೇಲೆ

ಆನ್ಸೆಲ್ಮಣ್ಣನಿಗೆ ರುಚಿ ತಿಳಿಯುವುದಿಲ್ಲ ಎಂಬುದು ನಮ್ಮ ಹೋಟೆಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮೂಡುಬಿದಿರೆ ಕಡೆಯವರು, ದುಬೈಗೆ ಬಂದು ಮೂವತ್ತು ವರ್ಷ, ಮಾಡುವ ಕೆಲಸ ಅಡುಗೆ. ಕೊರೋನಾ ಬಂದು ವಾಸಿಯಾಯಿತು, ನಾಲಿಗೆ ಮಾತ್ರ ವಾಪಸು ಬರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಡಾಕ್ಟರು ಐದು ವರ್ಷ ಹೇಳಿದರು.

ನಾನು ಫರ್ಝಾನ, ಕಾಪುವಿನವಳು, ಅದೇ ಅಡುಗೆಮನೆಯ ಸ್ಟೋರ್ ನೋಡಿಕೊಳ್ಳುವವಳು. ಅವರು ಎಣ್ಣೆಯ ಸದ್ದು ಕೇಳಿ, ಬಣ್ಣ ನೋಡಿ, ಗಡಿಯಾರ ನೋಡಿ ಅಡುಗೆ ಮಾಡುತ್ತಿದ್ದರು. ಕೊನೆಗೆ ಪಾತ್ರೆಯಿಂದ ಸೌಟೆತ್ತಿ ನನ್ನ ಕಡೆ ಚಾಚುತ್ತಿದ್ದರು. ನಾನು ಒಂದು ಬೆರಳೆತ್ತಿದರೆ ಉಪ್ಪು ಕಡಿಮೆ, ಎರಡೆತ್ತಿದರೆ ಹುಳಿ ಕಡಿಮೆ, ಮುಷ್ಟಿ ಹಿಡಿದರೆ ಎಲ್ಲ ಸರಿ. ನನ್ನ ಬಾಯಿ ಜೋರು ಎಂದು ಹೋಟೆಲಿಗೆ ಹೋಟೆಲೇ ಹೇಳುತ್ತದೆ, ಸುಳ್ಳೂ ಅಲ್ಲ. ಆದರೆ ಈ ಒಂದು ಸಂಗತಿಯಲ್ಲಿ ತುಟಿ ಬಿಚ್ಚಿರಲಿಲ್ಲ.

ಹಿಂದಿನ ರಂಝಾನುಗಳಲ್ಲಿ ಹಗಲು ಅವರು ಅಳತೆಯ ಮೇಲೆಯೇ ಹೇಗೋ ದಾಟಿಸಿದ್ದರು. ಸಂಕಟ ಬಂದದ್ದು ಈ ವರ್ಷದ ರಂಝಾನಿನಲ್ಲಿ. ಆಗಷ್ಟೇ ಬಂದ ಹೊಸ ಹೆಡ್ ಶೆಫ್ ಒಂದು ಹುಕುಂ ಹೊರಡಿಸಿದ. ಉಪವಾಸದ ಮೊದಲ ದಿನ ಮಧ್ಯಾಹ್ನ, ಉಪವಾಸವಿಲ್ಲದ ಅಡುಗೆಯವರೆಲ್ಲ ಒಬ್ಬೊಬ್ಬರಾಗಿ ಅವನೆದುರು ಇಫ್ತಾರಿನ ಸಾರು, ಸಾಸು ಚಪ್ಪರಿಸಿ ಯಾವುದರಲ್ಲಿ ಏನು ಕೊರತೆ ಎಂದು ಹೇಳಬೇಕು. ಉಪವಾಸ ಹಿಡಿದು ನಾನು ಸೌಟಿಗೆ ಬಾಯಿಡುವವಳಲ್ಲ. ನಾಲಿಗೆಯ ತುದಿಗೆ ತಾಗಿಸಿ ಉಗಿಯಬಹುದು ಎನ್ನುವವರಿದ್ದಾರೆ, ನನ್ನ ಮನಸ್ಸು ಒಪ್ಪದು. ಒಪ್ಪಿದರೂ ಅವನ ಕಣ್ಣೆದುರು ಬೆರಳೆತ್ತುವುದು ಹೇಗೆ? ಸಿಕ್ಕಿಬಿದ್ದರೆ ಆನ್ಸೆಲ್ಮಣ್ಣನ ಕೆಲಸ ಹೋಗುತ್ತದೆ, ಅದರ ಹಿಂದೆಯೇ ವೀಸಾ. ಮಂಗಳೂರಿನಲ್ಲಿ ಅವರ ಮಗಳು ಡಿಂಪಲ್‌ಗೆ ನರ್ಸಿಂಗ್ ಮುಗಿಯಲು ಇನ್ನೂ ಒಂದು ವರ್ಷವಿತ್ತು.

ಉಪವಾಸಕ್ಕೆ ಎರಡು ದಿನ ಮೊದಲು, ರಜೆಯ ಮಧ್ಯಾಹ್ನ, ಅವರು ನನ್ನನ್ನು ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಚೀನಾ ಕ್ಲಸ್ಟರಿಗೆ ಕರೆದುಕೊಂಡು ಹೋದರು. ಅಲ್ಲೊಂದು ಹಳೇ ಕಾಲದ ಕಾಫಿ ಅಂಗಡಿ, ನೂಡಲ್ಸೂ ಮಾಡುತ್ತಾರೆ. ಅವರಿಗೆ ಅಡುಗೆ ಕಲಿಸಿದ ರೂಮ್‌ಮೇಟ್ ನೆವಿಲ್ ಜೊತೆ ವಾರ ವಾರ ಅಲ್ಲಿ ಉಣ್ಣುತ್ತಿದ್ದರಂತೆ. ಕೊರೋನಾದಲ್ಲಿ ನೆವಿಲ್ ತೀರಿಕೊಂಡ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

"ಅಲ್ಲಿಯ ಸಿಗಡಿ ನೂಡಲ್ಸಾದ್ರೂ ನಾಲಿಗೆಗೆ ಹತ್ತುತ್ತದಾ ನೋಡುವ," ಎಂದರು.

ಅಮೃತಶಿಲೆಯ ದುಂಡು ಮೇಜುಗಳು, ಕೂತು ಕೂತು ನುಣುಪಾದ ಮರದ ಕುರ್ಚಿಗಳು. ಉದ್ದನೆಯ ಬಟ್ಟೆಚೀಲದಲ್ಲಿ ಕಾಫಿ ಸೋಸಿ, ಡಬ್ಬಿಯ ಗಟ್ಟಿ ಹಾಲು ಸುರಿದು ದಪ್ಪ ಕಪ್ಪಿನಲ್ಲಿ ಕೊಡುತ್ತಿದ್ದರು. ಹಲಾಲ್ ಬೋರ್ಡನ್ನು ಎರಡು ಸಲ ಓದಿಯೇ ನಾನು ಕೂತದ್ದು. ಯಜಮಾನತಿ ಮಲೇಶಿಯಾದ ಚೀನೀ ಮುದುಕಿ, ಎಲ್ಲರಿಗೂ ಮೇ ಆಂಟಿ. ಅವಳ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ಒಂದೇ ಪಾತ್ರೆಯಿಂದ ಎರಡು ಬಟ್ಟಲು ತುಂಬಿಸಿ ತಂದಿಟ್ಟು, ಅಲ್ಲೇ ನಿಂತಳು.

"ಮೂರನೆಯವರಿಗೆ?"

"ನಾವಿಬ್ಬರೇ," ಎಂದೆ. ಅವಳು ಆನ್ಸೆಲ್ಮಣ್ಣನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. ಹೋಗಲಿಲ್ಲ.

ನನ್ನ ಬಟ್ಟಲಿನಲ್ಲಿ ಸಿಗಡಿಯ ಸಿಹಿ, ಬೆಳ್ಳುಳ್ಳಿ, ಕಾಳುಮೆಣಸು ಎಲ್ಲ ಇತ್ತು. ಆನ್ಸೆಲ್ಮಣ್ಣ ಎರಡು ತುತ್ತು ತಿಂದು ಚಮಚ ಕೆಳಗಿಟ್ಟರು. "ನೀರು," ಎಂದರು.

ಮೇ ಆಂಟಿ ಗೋಡೆಯ ಶೆಲ್ಫಿನ ಕಡೆ ಕೈ ಮಾಡಿದಳು. ಅಲ್ಲಿ ಅವಳ ಗಂಡನ ಫೋಟೋ, ಮುಂದೆ ಒಂದು ಕಪ್ ಕಾಫಿ. "ಬೆಳಿಗ್ಗೆ ಇಡುತ್ತೇನೆ, ಸಂಜೆ ನಾನೇ ಕುಡಿಯುತ್ತೇನೆ. ಸಕ್ಕರೆ ಹಾಕಿದ್ದರೂ ಸಪ್ಪೆ. ಸತ್ತವರು ರುಚಿಯನ್ನಷ್ಟೇ ಉಣ್ಣುತ್ತಾರೆ, ಉಳಿದದ್ದು ನಮಗೆ. ಇವರ ಬಟ್ಟಲಿನದ್ದನ್ನೂ ಯಾರೋ ಉಂಡಾಗಿದೆ."

ನನಗೆ ಸಿಟ್ಟು ನೆತ್ತಿಗೇರಿತು. ಸತ್ತವರು ಅಲ್ಲಾಹನ ಹತ್ತಿರ ಇರುತ್ತಾರೆ, ಅವರಿಗೆ ನೂಡಲ್ಸ್ ಯಾಕೆ? "ಎಂತ ಮರ್ಲು ಮಾರಾಯ್ರೆ ಇದು!" ಎನ್ನುತ್ತ ಆನ್ಸೆಲ್ಮಣ್ಣನ ಬಟ್ಟಲಿಗೇ ಚಮಚ ಹಾಕಿ ಒಂದು ಗುಟುಕು ಕುಡಿದೆ.

ಏನೂ ಇರಲಿಲ್ಲ. ಬಿಸಿ ಇತ್ತು, ಅಷ್ಟೇ. ಮೆಣಸಿನ ಪುಡಿ ಕಣ್ಣಿಗೆ ಕಾಣುತ್ತಿತ್ತು, ನಾಲಿಗೆಗಿಲ್ಲ. ನನ್ನ ಬಟ್ಟಲಿನದ್ದು ಕುಡಿದೆ, ಖಾರ. ಮತ್ತೆ ಅವರದ್ದು, ಸಪ್ಪೆ. ಐದು ವರ್ಷ ಅವರ ಸೌಟಿನಿಂದ ರುಚಿ ನೋಡಿದ್ದೆ. ಅವರಿಗೆಂದು ಬಡಿಸಿದ್ದನ್ನು ಒಮ್ಮೆಯೂ ತಿಂದಿರಲಿಲ್ಲ.

"ಯಾರನ್ನು ಊಟಕ್ಕೆ ಕರೆದೆ?" ಮೇ ಆಂಟಿ ಕೇಳಿದಳು.

ಆನ್ಸೆಲ್ಮಣ್ಣ ಮೇಜಿನ ಕಲ್ಲನ್ನು ಉಜ್ಜುತ್ತ ಹೇಳಿದರು. ನೆವಿಲನನ್ನು ಆಂಬುಲೆನ್ಸ್ ಒಯ್ದ ಮೂರನೇ ದಿನ ಸಾವಿನ ಫೋನು ಬಂತು. ಮುಖ ನೋಡಲೂ ಯಾರನ್ನೂ ಬಿಡಲಿಲ್ಲ. ಕ್ವಾರಂಟೈನಿನ ರೂಮಿನ ಬಾಗಿಲಿಗೆ ಮಾತ್ರ ದಿನವೂ ಎರಡು ಊಟದ ಪೊಟ್ಟಣ ಬರುತ್ತಿತ್ತು, ಪಟ್ಟಿಯಿಂದ ನೆವಿಲ್ ಹೆಸರನ್ನು ಯಾರೂ ಹೊಡೆದಿರಲಿಲ್ಲ.

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಫರ್ಝಾನ. ಬಿಚ್ಚಿ ಅವನ ಮಂಚದ ಮೇಲೆ ಇಟ್ಟೆ. ಬಾ ನೆವಿಲ್, ನೀನು ಉಂಡ ಮೇಲೆಯೇ ನಾನು ಉಣ್ಣುವುದು ಅಂತ ಹೇಳಿದೆ. ಹದಿನಾಲ್ಕು ದಿನ."

"ಬಾ ಅಂದೆ. ಹೋಗು ಅಂದೆಯಾ?" ಆಂಟಿ ಕೇಳಿದಳು.

ಅವರು ಇಲ್ಲವೆಂದು ತಲೆಯಾಡಿಸಿದರು.

"ಈಗ ಹೇಳಿ!" ಎಂದೆ ನಾನು.

ಅವರು ಖಾಲಿ ಕುರ್ಚಿಯ ಕಡೆ ತಿರುಗಿ ಬಾಯಿ ತೆರೆದರು. "ಆಗುದಿಲ್ಲ. ಒಬ್ಬನೇ ಸತ್ತ ಅವನು. ಉಪವಾಸ ಹೇಗೆ ಕಳಿಸುದು?" ಎಂದು ಮಗುವಿನ ಹಾಗೆ ಅತ್ತರು. ನನಗೆ ಅಯ್ಯೋ ಅನ್ನಿಸಿತು, ಡಿಂಪಲ್ ನೆನಪಾದಳು, ಸಿಟ್ಟೂ ಬಂತು. ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಕೈಯಲ್ಲಿರುವುದಿಲ್ಲ.

"ನೆವಿಲಣ್ಣ, ಇವರನ್ನು ಬಿಟ್ಟುಬಿಡಿ. ಹಸಿವಾದ್ರೆ ನನ್ನ ಬಟ್ಟಲಿಗೆ ಬನ್ನಿ. ಖಲಾಸ್!" ಎಂದು ಆ ಕುರ್ಚಿಗೆ ಕೇಳುವಂತೆ ಹೇಳಿದೆ.

ಮೇ ಆಂಟಿ ನನ್ನ ಮುಖ ನೋಡಿದಳು. ಆನ್ಸೆಲ್ಮಣ್ಣ ಕಣ್ಣೊರೆಸಿಕೊಂಡು, ಸುಮ್ಮನೆ ಕೂರಲಾರದೆ ಒಂದು ಚಮಚ ಸಾರು ಬಾಯಿಗಿಟ್ಟರು. "ಬೆಳ್ಳುಳ್ಳಿ," ಎಂದರು. ಬಟ್ಟಲನ್ನು ಎರಡೂ ಕೈಯಲ್ಲೆತ್ತಿ ಕೊನೆಯ ಹನಿಯವರೆಗೆ ಕುಡಿದರು. ನನಗೆ ಮತ್ತೆ ಉಣ್ಣುವ ಮನಸ್ಸಾಗಲಿಲ್ಲ.

ಆ ದಿನ ಮೆಸ್ಸಿನ ಊಟ ಸಪ್ಪೆ ಎಂದು ಮೆಸ್ಸಿನ ಜಂಶೀರನಿಗೆ ಚೆನ್ನಾಗಿ ಬೈದೆ. ಮರುದಿನವೂ ಬೈದೆ. ಉಪ್ಪು ಹಾಕಿದ್ದೇನೆಂದು ಪಾಪ ಆಣೆ ಹಾಕಿದ. ಶೀತವಾಗಿರಬೇಕೆಂದು ಶುಂಠಿ ಜಗಿದೆ.

ಪರೀಕ್ಷೆಯ ದಿನ ಆನ್ಸೆಲ್ಮಣ್ಣ ಆರು ಪಾತ್ರೆ ಚಪ್ಪರಿಸಿ ಆರಕ್ಕೂ ಸರಿಯಾಗಿ ಹೇಳಿದರು. ನಾಲ್ಕನೆಯದರಲ್ಲಿ ಜೀರಿಗೆ ಸೀದು ಹೋಗಿದೆ ಎಂದಾಗ ಹೆಡ್ ಶೆಫ್ ಅವರ ಬೆನ್ನು ತಟ್ಟಿದ. ಸ್ಟೋರಿನ ಬಾಗಿಲಲ್ಲಿ ನಿಂತು ನಾನು ಖುಷಿಯಿಂದ ಅತ್ತೆ. ಸಂಜೆ ಮಸೀದಿಯಲ್ಲಿ ಬಾಂಗ್ ಕೊಟ್ಟಾಗ ದುಆ ಹೇಳಿ ಖರ್ಜೂರ ಬಾಯಿಗಿಟ್ಟೆ. ಮೆತ್ತಗೆ ಏನೋ ಇತ್ತು, ಜಗಿದೆ, ನುಂಗಿದೆ. ಖರ್ಜೂರಕ್ಕೆ ಸಿಹಿ ಹಾಕಲು ಯಾರೂ ಮರೆಯುವುದಿಲ್ಲವಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ಮೂರು ಸಲ ನೆವಿಲಣ್ಣನಿಗೆ "ಹೋಗಿ" ಎನ್ನಲು ಕೂತೆ. ಒಬ್ಬನೇ ಸತ್ತ ಎಂದು ಆನ್ಸೆಲ್ಮಣ್ಣ ಅತ್ತದ್ದು ನೆನಪಾಗಿ ನನ್ನ ಜೋರು ಬಾಯಿಯೂ ಕಟ್ಟಿತು.

ಈಗ ರಂಝಾನ್ ಮುಗಿದಿದೆ. ಆನ್ಸೆಲ್ಮಣ್ಣ ಹಳೇ ಅಭ್ಯಾಸದಲ್ಲಿ ಸೌಟನ್ನು ನನ್ನ ಕಡೆ ಚಾಚಿ, "ಹೇಗುಂಟು?" ಎಂದು ನಗುತ್ತಾರೆ. ನಾನದನ್ನು ಕುಡಿದು, ತುಟಿ ಚಪ್ಪರಿಸಿ, ಮುಷ್ಟಿ ಹಿಡಿದು ತೋರಿಸುತ್ತೇನೆ. ನಿಜ ಗೊತ್ತಾದರೆ ಅವರು ನೆವಿಲನನ್ನು ಮರಳಿ ತಮ್ಮ ಬಟ್ಟಲಿಗೇ ಕರೆದುಬಿಡುತ್ತಾರೆ.